ರಥಸಪ್ತಮಿ ತನಕ ಟೈಮ್

ಸಿಟ್ಟು ಬಂದ ಮಗುವಿನ ಬಾಯಿಗೆ ಸಿಹಿ ತುರುಕುವವರನ್ನು ಕಂಡರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಆ ಸಂಕ್ರಾಂತಿಯ ಸಂಜೆ ತುರುಕಲು ಹೊರಟವಳು ನನ್ನ ಹೊಟ್ಟೆಯಲ್ಲೇ ಹುಟ್ಟಿದ ನೀಲಿಮಾ.

ಅವಳ ಮಗಳು ಮುಕ್ತಾಗೆ ಎಂಟು ವರ್ಷ. ಒಮ್ಮೊಮ್ಮೆ ಇನ್ನೂ ಹಾಸಿಗೆ ಒದ್ದೆಯಾಗುತ್ತದೆ. ಆ ಗುಟ್ಟನ್ನು ಅವಳು ಹೇಳಿದ್ದು ಒಬ್ಬಳಿಗೇ, ಕೆಳಗಿನ ಮಹಡಿಯ ಗೆಳತಿ ಸಾನಿಕಾಗೆ. ಸಾನಿಕಾ ಅದನ್ನು ಸ್ಕೂಲ್ ವ್ಯಾನಿನಲ್ಲಿ ಎಲ್ಲರೆದುರು ಹೇಳಿಬಿಟ್ಟಳು. ಅಂದಿನಿಂದ ಮುಕ್ತಾ ವ್ಯಾನ್ ಹತ್ತಿದರೆ ಸಾಕು, ಹುಡುಗರು ಮೂಗು ಮುಚ್ಚಿಕೊಳ್ಳುತ್ತಾರೆ. ಮಾನ ಎಂಬುದು ದೊಡ್ಡವರಿಗೆ ಮಾತ್ರ ಇರುತ್ತದೆಯೇ?

ಧಾರವಾಡ ಬಿಟ್ಟು ಪುಣೆಯಲ್ಲಿ ಮನೆ ಮಾಡಿ ಇಷ್ಟು ವರ್ಷವಾದರೂ ನೀಲಿಮಾಗೆ ಸೊಸೈಟಿಯವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು. ಸಾನಿಕಾಳ ತಾಯಿ ಮಗಳನ್ನು ಕರೆದುಕೊಂಡು ಎಳ್ಳು ಹಂಚಲು ಬಂದಾಗ, ಇವಳು ಎಲ್ಲ ಗೊತ್ತಿದ್ದೂ ಮುಕ್ತಾಳನ್ನು ಮುಂದಕ್ಕೆ ತಳ್ಳಿದಳು. ಸಾನಿಕಾ ನೆಲ ನೋಡುತ್ತ ಎಳ್ಳುಂಡೆ ಕೊಟ್ಟಳು. "ತಿಳಗುಳ ಘ್ಯಾ, ಗೋಡ ಗೋಡ ಬೋಲಾ" ಎಂದಳು. ಎಳ್ಳು ತಗೋ, ಸಿಹಿಸಿಹಿ ಮಾತಾಡು ಎಂದು.

ಮುಕ್ತಾ ಉಂಡೆಯನ್ನು ಗೋಡೆಗೆ ಎಸೆದಳು. ನೀಲಿಮಾ ಅವಳ ಕೆನ್ನೆಗೆ ಬಾರಿಸಿದಳು.

"ಹಬ್ಬದ ದಿನಾ ಹಿಂಗ ಮಾಡ್ತೀ? ಸಾರಿ ಅನ್ನು. ಛಂದಾಗಿ ಮಾತಾಡು."

ನನ್ನ ಮೈಯೆಲ್ಲ ಉರಿದುಹೋಯಿತು. ನಡುವೆ ಹೋಗಿ ನಿಂತೆ. "ಬಾಯಾಗ ಬೆಲ್ಲ, ಎದಿಯಾಗ ಕತ್ತರಿ ಇಟ್ಕೊಳ್ಳೋದು ಈಗಿಂದನ ಕಲಸ್ತೀಯೇನ?" ಎಂದು ನೀಲಿಮಾಗೆ ಅಂದೆ. ಆಮೇಲೆ ಮುಕ್ತಾಳ ಕಡೆ ತಿರುಗಿದೆ. "ಸಿಟ್ಟು ಬಂದದ್ದು ತಪ್ಪಲ್ಲ. ಒಗದದ್ದು ತಪ್ಪು. ಏನಾಗ್ಯದ, ಬಾಯಿಲೆ ಹೇಳು."

ಅವಳು ಸಾನಿಕಾಗೆ ಮರಾಠಿಯಲ್ಲಿ ನೇರವಾಗಿ ಹೇಳಿದಳು. "ನಿನ್ನೊಬ್ಬಳಿಗೇ ಹೇಳಿದ್ದೆ. ಈಗ ವ್ಯಾನಿನ ಹಾರ್ನ್ ಕೇಳಿದರೆ ನನಗೆ ಹೊಟ್ಟೆ ನೋಯುತ್ತದೆ."

ಸಾನಿಕಾಳ ತಾಯಿ ನಕ್ಕು, ಮಕ್ಕಳ ಜಗಳ ಬಿಡಿ ಎಂದಳು. ಆ ನಗುವಿಗೂ ಒಂದು ಬಾರಿಸಬೇಕಿತ್ತು. ಸಾನಿಕಾ ಮಾತ್ರ ನಗಲಿಲ್ಲ.

"ಅವತ್ತು ನೀನು ನನ್ನನ್ನು ಬಿಟ್ಟು ಬೇರೆಯವಳ ಪಕ್ಕ ಕೂತೆ. ನನಗೆ ಸಿಟ್ಟು ಬಂತು, ಹೇಳಿಬಿಟ್ಟೆ. ತಪ್ಪಾಯಿತು" ಎಂದವಳು ಅಳತೊಡಗಿದಳು.

"ಮುಗೀತಲ್ಲ, ಈಗ ದೋಸ್ತಿ ಮಾಡ್ಕೊಳ್ರಿ" ಎಂದು ನೀಲಿಮಾ ಇನ್ನೊಂದು ಉಂಡೆ ಮುಂದೆ ಹಿಡಿದಳು. ಗಾಯ ಹಸಿ ಇದೆ, ಇವಳಿಗೆ ಹಬ್ಬದ ಅವಸರ.

"ಗಡಬಡಿ ಯಾಕ?" ಅಂದೆ. "ರಥಸಪ್ತಮಿ ತನಕ ಎಳ್ಳು ಕೊಡೋ ಪದ್ಧತಿ ಅದ. ಸಿಟ್ಟು ಇಳದ ಮ್ಯಾಲೆ ತಿನ್ಲಿ."

ಮುಕ್ತಾ ಸಾನಿಕಾಳಿಂದ ಮತ್ತೊಂದು ಉಂಡೆ ಇಸಿದುಕೊಂಡು ಸ್ಟೀಲ್ ಡಬ್ಬಿಯಲ್ಲಿ ಇಟ್ಟಳು. "ಇವತ್ತು ತಿನ್ನೋದಿಲ್ಲ. ರಥಸಪ್ತಮಿ ತನಕ ನೋಡ್ತೀನಿ" ಎಂದು ಮರಾಠಿಯಲ್ಲೇ ಹೇಳಿದಳು. ಸಾನಿಕಾ ಕಣ್ಣು ಒರೆಸಿಕೊಂಡು ತಲೆಯಾಡಿಸಿದಳು. ತಾಯಿಯ ಹಿಂದೆ ಮೆಟ್ಟಿಲಿಳಿದು ಹೋದಳು.

ಬಾಗಿಲು ಹಾಕಿದ ಮೇಲೆ ನೀಲಿಮಾ ಮೆತ್ತಗಾದಳು. ಒಂದು ಉಂಡೆ ಹಿಡಿದು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ತಗೋ ನನ್ನ ಬಂಗಾರಾ. ಮಮ್ಮಿ ಜೋಡಿ ಛಂದ ಮಾತಾಡು."

ಕೆನ್ನೆಯ ಮೇಲೆ ಬೆರಳಿನ ಗುರುತು ಇನ್ನೂ ಕೆಂಪಗಿತ್ತು. ಮುಕ್ತಾ ಆ ಉಂಡೆಯನ್ನೂ ತೆಗೆದುಕೊಂಡಳು, ಅದೇ ಡಬ್ಬಿಗೆ ಹಾಕಿದಳು, ಮುಚ್ಚಳ ಒತ್ತಿದಳು.

"ನಿಂಗೂ ರಥಸಪ್ತಮಿ ತನಕ ಟೈಮ್ ಅದ, ಮಮ್ಮಿ."