ಕಾವಿ ಬಟ್ಟೆಯ ಗಂಟು

"ಆ ಒಂಟೆ ಕಾಯೋನ ಕೈಲಿ ಪೆಟ್ರೋಲ್ ಕಳ್ಸಿದ್ದು ನಾನೇ ಲಿಖಿತಮ್ಮ," ಎಂದ ಕೊಟ್ರಪ್ಪ, ಬಾಯಿ ತುಂಬ ನಗುತ್ತ.

ಲಿಖಿತಾಳ ತಲೆಯ ಮೇಲೆ ಆಗಷ್ಟೇ ಇಟ್ಟ ಮೈಸೂರು ಪೇಟವಿತ್ತು, ಕೊರಳಲ್ಲಿ ಗಂಧದ ಹಾರ, ಎದೆಯ ಮೇಲೆ ಕ್ಲಬ್ಬಿನ ಒಬ್ಬಂಟಿ ಸವಾರಿಯ ಬ್ಯಾಡ್ಜು. ಜಯನಗರದ ಆ ಸಮುದಾಯ ಭವನದಲ್ಲಿ ನೆಂಟರಿಷ್ಟರು, ಬೀದಿಯವರು, ಬೈಕ್ ಕ್ಲಬ್ಬಿನವರು ಎಲ್ಲ ನೆರೆದಿದ್ದರು. ಬೆಂಗಳೂರಿನಿಂದ ಕಛ್‌ನ ಉಪ್ಪಿನ ಬಯಲು, ಅದರಾಚೆ ರಾಜಸ್ಥಾನದ ಮರಳುಗಾಡು, ಒಬ್ಬಳೇ ಬೈಕಿನಲ್ಲಿ ಹೋಗಿಬಂದವಳಿಗೆ ಸನ್ಮಾನ. ಸ್ವಲ್ಪ ಮುಂಚೆ ಅವಳು ಮೈಕಿನಲ್ಲಿ ಹೇಳಿದ್ದೂ ಆ ಪೆಟ್ರೋಲಿನ ಕತೆಯನ್ನೇ. ಬಯಲ ನಡುವೆ ಟ್ಯಾಂಕು ಬರಿದಾಗಿ, ನರಪಿಳ್ಳೆಯಿಲ್ಲದ ಕಡೆ ಬೈಕು ತಳ್ಳಿ ತಳ್ಳಿ ಕುಸಿದು ಕೂತಾಗ, ಒಂಟೆ ಕಾಯುವ ಮುದುಕನೊಬ್ಬ ಎಲ್ಲಿಂದಲೋ ಬಂದು ಎರಡು ಬಾಟಲಿ ಕೈಗಿಟ್ಟು ಮಾತಿಲ್ಲದೆ ಹೋಗಿದ್ದ. ಮುಂದಿನ ಸಾಲಿನಲ್ಲಿ ಅಪ್ಪ ಶಾಂತವೀರಪ್ಪನವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದರು.

"ನೀವು ಅಲ್ಲಿಗ್ಯಾಕೆ ಬಂದಿದ್ರಿ ಕೊಟ್ರಪ್ಪಣ್ಣ?"

ಕೊಟ್ರಪ್ಪ ಅಪ್ಪನ ಆಫೀಸಿನ ಹಳೆಯ ಡ್ರೈವರ್. ಈಗ ಸ್ವಂತ ಕಾರು ಬಾಡಿಗೆಗೆ ಓಡಿಸುತ್ತಾನೆ. "ಸಾಹೇಬ್ರು ಇನ್ನೂ ಹೇಳಿಲ್ವಾ? ಎಲ್ಲಾ ಮುಗೀತಲ್ಲ, ಹೇಳಿರ್ತಾರೆ ಅನ್ಕೊಂಡೆ. ಹೋಗ್ತಾ ಬರ್ತಾ ನಿಮ್ ಹಿಂದೇನೇ ಇದ್ದೆ. ಕಣ್ಣಿಗೆ ಬೀಳ್ಬೇಡ ಅಂತ ಆರ್ಡರು. ನಿಮ್ ಗಾಡೀಲಿ ಅದೇನೋ ಟ್ರ್ಯಾಕರ್ ಇಟ್ಟಿದ್ರಲ್ಲ, ಅದರ ಚುಕ್ಕೇನ ಮೊಬೈಲಲ್ಲಿ ನೋಡ್ಕೊಂಡು ಸಾಹೇಬ್ರು ಫೋನ್ ಮಾಡೋರು. ಅವತ್ತು, ಚುಕ್ಕೆ ಅಲ್ಲಾಡ್ತಿಲ್ಲ, ನೋಡು ಅಂದ್ರು. ನಾನೇ ಬಂದ್ರೆ ಗೊತ್ತಾಗೋಗುತ್ತೆ ಅಂತ ಆ ಅಜ್ಜನ್ನ ಹಿಡಿದೆ."

ಅವನದೇನು ತಪ್ಪು? ಹೇಳಿದ ಕೆಲಸ ಮಾಡಿದ್ದ. ಆದರೂ ಲಿಖಿತಾಳಿಗೆ ಅವನ ನಗುವನ್ನೇ ಕಿತ್ತು ಬಿಸಾಡಬೇಕು ಅನ್ನಿಸಿತು. ಜೀವಮಾನದಲ್ಲಿ ತನ್ನದು ಅಂತ ಅವಳು ಸಂಪಾದಿಸಿಕೊಂಡಿದ್ದು ಅದೊಂದೇ ದಾರಿ. ಅದರಲ್ಲೂ ಅಪ್ಪ ಕಾಲಿಟ್ಟಿದ್ದರು. ಕಾಲಿಟ್ಟದ್ದಲ್ಲದೆ, 'ನನ್ನ ಮಗಳು ಒಬ್ಬಳೇ' ಎಂದು ಆಮಂತ್ರಣದಲ್ಲಿ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದ್ದರು. ಸಿಟ್ಟು ನೆತ್ತಿಗೇರಿತು. ಅವಳು ನೆಟ್ಟಗೆ ವೇದಿಕೆ ಹತ್ತಿ, ವಂದನಾರ್ಪಣೆ ಮಾಡುತ್ತಿದ್ದ ಕ್ಲಬ್ಬಿನ ಅಧ್ಯಕ್ಷ ಚಿದಾನಂದ್ ಕೈಯಿಂದ ಮೈಕು ಕಿತ್ತುಕೊಂಡಳು.

"ಒಂದು ನಿಮಿಷ. ನಾನು ಒಬ್ಳೇ ಹೋಗಿರ್ಲಿಲ್ಲ. ಹಿಂದೆ ಕಾರಿತ್ತು. ಪೆಟ್ರೋಲೂ ಅದರದ್ದೇ. ಹಿಂದೆ ಗಾಡಿ ಇದ್ರೆ ಬ್ಯಾಡ್ಜ್ ಇಲ್ಲ ಅನ್ನೋದು ಕ್ಲಬ್ ರೂಲ್. ನಂಗೆ ಈಗ ತಾನೇ ಗೊತ್ತಾಯ್ತು. ನಮ್ಮ ಅಪ್ಪಾಜಿಗೆ ಮೊದಲಿಂದ್ಲೂ ಗೊತ್ತಿತ್ತು."

ಬ್ಯಾಡ್ಜು, ಪೇಟ ಎರಡನ್ನೂ ಮೇಜಿನ ಮೇಲಿಟ್ಟು ಇಳಿದಳು. ಹಿಂದೆ ಅಡುಗೆಯವರು ಎಲೆ ಹಾಕುತ್ತಲೇ ಇದ್ದರು.

ಕುಮಾರಸ್ವಾಮಿ ಲೇಔಟಿನ ಮನೆ ಮುಟ್ಟುವವರೆಗೂ ಶಾಂತವೀರಪ್ಪನವರು ಹಲ್ಲು ಕಚ್ಚಿಕೊಂಡಿದ್ದರು. ಗೇಟು ದಾಟಿದ್ದೇ ತಡ, ಹಾರಿಬಿದ್ದರು. "ಜನದ ಮುಂದೆ ನನ್ನ ಮಾನ ಹರಾಜು ಹಾಕ್ಬಿಟ್ಟೆ!"

"ನಂದು ನೀವು ಹಾಕಿದ್ರಲ್ಲ? ಕೈಲಾಸ್ ಲಡಾಖ್‌ಗೆ ಹೋದಾಗ ಅವನ ಹಿಂದೆ ಯಾರನ್ನ ಕಳಿಸಿದ್ರಿ? ಕೈ ಮುರ್ಕೊಂಡು ಬಂದ. ನನ್ನ ಮಗ ಗಂಡುಗಲಿ ಅಂತ ಬೀದಿಯೆಲ್ಲ ಹೇಳ್ಕೊಂಡು ಬಂದ್ರಿ."

"ಅವನ ಮಾತು ಬೇರೆ."

"ಏನು ಬೇರೆ?"

"ಏನಾದ್ರೂ ಆಗಿದ್ರೆ?" ಎಂದರು.

"ಆಗಿದ್ರೆ ನಂಗಾಗ್ತಿತ್ತು ಅಪ್ಪಾಜಿ. ಎಲ್ಲಿಟ್ಟಿದ್ರಿ ಆ ಟ್ರ್ಯಾಕರ್‌ನ?"

ಅವರ ಕಣ್ಣು ಬೈಕಿನ ಹ್ಯಾಂಡಲ್ ಕಡೆ ಹೋಯಿತು. ಅಲ್ಲಿ ಕಾವಿ ಬಟ್ಟೆಯ ಒಂದು ಪುಟ್ಟ ಗಂಟು. ಹೊರಡುವ ಹಿಂದಿನ ದಿನ ಅಮ್ಮ ಕಮಲಾದೇವಿ ಮಠದ ವಿಭೂತಿ ಗಟ್ಟಿಯನ್ನು ಸುತ್ತಿ ಕಟ್ಟಿದ್ದು. ಇಂಥದ್ದರಲ್ಲೆಲ್ಲ ಲಿಖಿತಾಳಿಗೆ ನಂಬಿಕೆ ಅಷ್ಟಕ್ಕಷ್ಟೇ. ಆದರೂ ಆ ಉಪ್ಪಿನ ಬಯಲಲ್ಲಿ ನೀರೂ ಮುಗಿಯುತ್ತ ಬಂದಾಗ ಅದನ್ನೇ ಮುಷ್ಟಿಯಲ್ಲಿ ಹಿಡಿದು 'ಅಮ್ಮಾ' ಎಂದು ಎಳೆ ಮಗುವಿನಂತೆ ಅತ್ತಿದ್ದಳು. ಈಗ ಹಲ್ಲಿನಿಂದ ಗಂಟು ಸಡಿಲಿಸಿದಳು. ಒಳಗಿದ್ದದ್ದು ಒಂದು ಕರೀ ಡಬ್ಬಿ. ಗಾತ್ರ ಥೇಟ್ ವಿಭೂತಿ ಗಟ್ಟಿಯದೇ.

ಅಮ್ಮ ಬಗ್ಗಿ ನೋಡಿದರು. "ನಾನು ಕಟ್ಟಿದ್ದು ವಿಭೂತಿ ಕಣ್ರೀ. ಅದೆಲ್ಲಿ?"

ಶಾಂತವೀರಪ್ಪನವರ ಕೈ ತಾನಾಗಿ ಹಣೆಗೆ ಹೋಯಿತು. ಬೆಳಗಿನ ಮೂರು ಪಟ್ಟೆ ಅಲ್ಲಿ ಇನ್ನೂ ಅಚ್ಚಾಗಿತ್ತು. ಕಮಲಾದೇವಿ ಸರಸರನೆ ಒಳಗೆ ಹೋಗಿ ಪೂಜೆಯ ಕಪಾಟಿನಿಂದ ಒಂದು ಗಟ್ಟಿ ಹಿಡಿದು ಬಂದರು. ಒಂದು ಮಗ್ಗುಲು ಸವೆದುಹೋಗಿತ್ತು.

"ಮಗಳ ಜೊತೆಗಿರ್ಲಿ ಅಂತ ತಂದಿದ್ದನ್ನ ಕದ್ದು ದಿನಾ ಹಣೆಗೆ ಹಚ್ಕೊಂಡ್ರಾ? ಅದನ್ನ ಹಚ್ಕೊಂಡು ಪೂಜೆಗೆ ಬೇರೆ ಕೂತ್ರಾ? ಥೂ, ನಿಮ್ಮ ಭಕ್ತಿಗಿಷ್ಟು ಬೆಂಕಿ ಹಾಕ!"

ಮದುವೆಯಾದಂದಿನಿಂದ ಆಕೆ ಗಂಡನ ಮೇಲೆ ಹಾಗೆ ದನಿಯೆತ್ತಿದ್ದಿಲ್ಲ. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ತೆರೆದುಕೊಳ್ಳಲಿ ಎಂದು ಆಕೆ ಇನ್ನಷ್ಟು ಕೂಗಿದರು.

ಆಮೇಲೆ ಮನೆಯಲ್ಲಿ ಅಪ್ಪ ಮಗಳಿಗೆ ಮಾತಿಲ್ಲ. ಲಿಖಿತಾ ತಾನು ಫಿಸಿಯೋಥೆರಪಿ ಮಾಡುವ ಕ್ಲಿನಿಕ್ಕಿನಲ್ಲಿ, ಮತ್ತೊಮ್ಮೆ ಒಬ್ಬಳೇ ಬೈಕಿನಲ್ಲಿ ಹೊರಡಲು ರಜೆ ಕೇಳಿದಳು. ಸಂಬಳವಿಲ್ಲ ಎಂದರು. ಬೇಡ ಎಂದಳು. ಕೊಟ್ರಪ್ಪನಿಗೆ ತಾನೇ ಫೋನ್ ಮಾಡಿ, "ಈ ಸಲ ಅಪ್ಪಾಜಿ ಕರೆದ್ರೆ ನೀವು ಹೋಗ್ಬೇಡಿ ಅಣ್ಣ," ಎಂದಳು. "ಇಲ್ಲಮ್ಮ, ನನ್ನ ಮಗಳ ಮೇಲಾಣೆ," ಎಂದ.

ಹೊರಡುವ ಬೆಳಗ್ಗೆ ಕಮಲಾದೇವಿ ಸವೆದ ಗಟ್ಟಿಯನ್ನೇ ಕಾವಿ ಬಟ್ಟೆಯಲ್ಲಿ ಸುತ್ತಿ ಹ್ಯಾಂಡಲಿಗೆ ಕಟ್ಟಿದರು. ಗಂಡ ನೋಡುತ್ತಿರಲಿ ಎಂದೇ ಬಿಗಿದು ಬಿಗಿದು ಕಟ್ಟಿದರು. ಗೇಟಿನ ಬಳಿ ನಿಂತಿದ್ದ ಅಪ್ಪನ ಅಂಗಿ ಜೇಬಿಗೆ ಲಿಖಿತಾ ಆ ಕರೀ ಡಬ್ಬಿ ಇಳಿಸಿದಳು. ಅವರು ಏನೋ ಹೇಳಲು ಬಾಯಿ ತೆರೆದರು. ಅವಳು ಹೆಲ್ಮೆಟ್ ಹಾಕಿಕೊಂಡಳು.

ರಿಂಗ್ ರಸ್ತೆಯ ಕಡೆ ತಿರುಗುವ ಮುನ್ನ ಕನ್ನಡಿಯಲ್ಲಿ ಒಮ್ಮೆ ನೋಡಿದಳು. ಅಮ್ಮ ಕೈಯೆತ್ತಿದ್ದರು. ಅಪ್ಪ ಕನ್ನಡಕ ಏರಿಸಿ, ರೂಢಿಯಂತೆ ಫೋನು ಕಣ್ಣಿನ ಹತ್ತಿರ ಹಿಡಿದು, ತಮ್ಮ ಮನೆ ಗೇಟಿನಲ್ಲೇ ನಿಂತಿದ್ದ ಚುಕ್ಕೆಯನ್ನು ನೋಡುತ್ತಿದ್ದರು.