ಕೆರೆಯದೆ ಬಳಿದ ದೋಣಿ

"ಹಿಡ್ಕೊಳ್ಳಿ ಗಟ್ಟಿಯಾಗಿ. ಹೆಣಕ್ಕಿಂತ ಬಾಗಿಲೇ ಭಾರ," ಎಂದು ಬಡಗಿ ಕೊನೆಯ ತಿರುಪನ್ನೂ ಬಿಚ್ಚಿದ.

ಮಳೆಗೆ ಇನ್ನೊಂದು ವಾರವಿತ್ತು. ಊರಿನ ಅರ್ಧ ಗೋಡೆಗಳು ಕೆರೆಸಿಕೊಂಡು ಬಣ್ಣಕ್ಕೆ ಕಾಯುತ್ತಿದ್ದವು. ಬಳಿಯಬೇಕಾದ ಪೇಂಟರ್ ಮಾತ್ರ ಒಗೆದ ಅಂಗಿ ತೊಟ್ಟು, ಉಗುರುಸಂದಿಯಲ್ಲಿ ನಿನ್ನೆಯ ಹಸಿರನ್ನು ಹಾಗೇ ಇಟ್ಟುಕೊಂಡು ಮಹಡಿಯ ಮೇಲೆ ಮಲಗಿದ್ದ. ಮೆಟ್ಟಿಲ ತಿರುವಿನಲ್ಲಿ ಶವದ ಪೆಟ್ಟಿಗೆ ಹಾಯುವಂತಿರಲಿಲ್ಲ. ಅದಕ್ಕೇ ಕೆಳಗಿನ ಕೆಲಸದ ಕೋಣೆಯ ಬಾಗಿಲು ಕಿತ್ತು, ಅದರ ಮೇಲೆ ಅವನನ್ನು ಇಳಿಸುವುದೆಂದಾಗಿತ್ತು.

ಸಂಜೆ ಕೆಲಸ ಮುಗಿಸಿ ಬಂದರೆ ಬ್ರಷ್ಷನ್ನು ಆ ಬಾಗಿಲಿಗೇ ಒರೆಸುವುದು ಪೇಂಟರನ ಅಭ್ಯಾಸ. ನಲವತ್ತು ವರ್ಷ ಒರೆಸಿದ ಬಣ್ಣ ಬೆರಳುದಪ್ಪ ಕಟ್ಟಿತ್ತು.

ಬಾಗಿಲ ಇನ್ನೊಂದು ತುದಿ ಹಿಡಿದಿದ್ದವನು ಅರ್ಧ ನರೆತ ಗಡ್ಡದ ಪರಸ್ಥಳದವನು. ಪೇಂಟರನ ಹತ್ತಿರ ಒಂದು ಮಾತು ಕೇಳಲು ಮೊದಲ ಬಸ್ಸಿಗೆ ಬಂದವನು ಸಾವಿನ ಮನೆಗೆ ಕಾಲಿಟ್ಟಿದ್ದ. ಹಿಂತಿರುಗಲು ಸಂಕೋಚವಾಗಿ, ಸಿಕ್ಕ ಕೆಲಸಕ್ಕೆ ಕೈಹಾಕಿದ್ದ.

"ಇವರೂ ನಿಮ್ಮಪ್ಪನ ಸಿನಿಮಾದ ಹುಚ್ಚರೇ ನೋಡು," ಎಂದ ಬಡಗಿ, ಬೀದಿಯಲ್ಲಿ ನಿಂತಿದ್ದ ಹೊಲಿಗೆಯವಳಿಗೆ.

ಅವಳು ಅಂಬಿಗನ ಮಗಳು. ನೆರೆ ಬಂದ ವರ್ಷ ಮೂರು ಹಗಲು, ಮೂರು ರಾತ್ರಿ ಜನರನ್ನು ದಾಟಿಸಿದ ಅಂಬಿಗನ ಬದುಕನ್ನು ಯಾರೋ ಕಪ್ಪುಬಿಳುಪಿನಲ್ಲಿ ಸಿನಿಮಾ ಮಾಡಿದ್ದರು. ಬಿಡುಗಡೆಯಾದಾಗ ಒಂದು ವಾರವೂ ಓಡಲಿಲ್ಲ. ಆಮೇಲೆ ಅದು ಹೇಗೋ ಕೆಲವರ ತಲೆಗೆ ಹತ್ತಿತು. ಅಂಥವರು ವರ್ಷಕ್ಕೆ ನಾಲ್ಕೈದು ಜನ ಬಂದು ದಂಡೆ ನೋಡಿ ಹೋಗುತ್ತಿದ್ದರು.

"ಎಷ್ಟು ಸಲ ನೋಡಿದ್ದೀರಿ?"

"ಇಪ್ಪತ್ತಮೂರು ಸಲ ಅಕ್ಕ."

"ನಮ್ಮಪ್ಪ ಬದುಕಿದ್ದಾಗ ಇಪ್ಪತ್ತಮೂರು ಜನ ಅವನ ಮುಖ ನೆಟ್ಟಗೆ ನೋಡಿರ್ಲಿಲ್ಲ. ಕಾಸು ಕೊಟ್ಟು ಇಳಿದು ಹೋಗೋರು. ಬಣ್ಣಾನೂ ಇಲ್ಲ ಅದರಲ್ಲಿ, ಏನು ನೋಡ್ತೀರಿ?"

"ಬಣ್ಣ ಇಲ್ಲ, ಅದಕ್ಕೇ. ಇದ್ದಿದ್ರೆ ಒಂದ್ಸಲ ನೋಡಿ ಎದ್ದು ಬರ್ತಿದ್ದೆ. ದೋಣಿ ನೀರಿಗಿಳಿಯೋವಾಗ ಒಂದ್ಸಲ ಹಸಿರು ಅನ್ಸುತ್ತೆ, ಒಂದ್ಸಲ ನಮ್ಮಜ್ಜಿ ಮನೆ ಕಿಟಕಿ ಬಣ್ಣ. ನಿಜವಾಗಿ ಯಾವುದು ಅಂತ ಕೇಳೋಕೇ ಬಂದೆ."

"ನೀಲಿ," ಎಂದಳು ಥಟ್ಟನೆ. ಬಂದವರಿಗೆಲ್ಲ ಹಾಗೇ ಹೇಳಿದ್ದಳು. ಆಮೇಲೆ ದನಿ ತಗ್ಗಿತು. "ಇರಬೇಕು. ನಂಗಾಗ ಆರು ವರ್ಷ. ಅಪ್ಪಂದು ಅಂತ ನನ್ನ ಹತ್ರ ಉಳಿದಿರೋದು ಆ ಬಣ್ಣ ಒಂದೇ, ಅದೂ ಅನುಮಾನ. ಸರಿಯಾಗಿ ನೋಡಿದ್ದೋನು ಮೇಲೆ ಮಲಗಿದಾನೆ. ಕೆರೆದು ತೆಗೆದೋನೂ ಅವನೇ."

*

ಸಿನಿಮಾ ತೆಗೆಯುವ ಹೊತ್ತಿಗೆ ಅಂಬಿಗ ಸತ್ತು ವರ್ಷವಾಗಿತ್ತು. ದೋಣಿ ದಂಡೆಯಲ್ಲಿ ಬೋರಲು ಬಿದ್ದಿತ್ತು. ಗಾಢ ಕೆಂಪು ಬಳಿಯಬೇಕು, ಪರದೆಯಲ್ಲಿ ಅದು ಕಪ್ಪಗೆ ಕಾಣುತ್ತದೆ ಎಂದು ಸಿನಿಮಾದ ಮ್ಯಾನೇಜರ್ ಹೇಳಿದಾಗ ಪೇಂಟರ್ ನಕ್ಕಿದ್ದ.

"ಕಪ್ಪಗೆ ಕಾಣ್ಬೇಕು ಅಂದ್ರೆ ಕಪ್ಪೇ ಬಳಿಯೋಣ ಸಾರ್."

"ಕಪ್ಪು ಬಳಿದ್ರೆ ಗುಂಡಿ ಥರ ಕಾಣುತ್ತೆ, ಮರದ ಗೆರೆನೇ ಹೋಗುತ್ತೆ. ಕೆಂಪು ಬಳಿ. ಹಳೇದನ್ನ ಪೂರ್ತಿ ಕೆರೆದು ಬಳಿ."

ಮರುದಿನ ಬೆಳಿಗ್ಗೆ ಹುಡುಗಿ ಬಂದು ನೋಡಿದರೆ ದೋಣಿ ಕೆಂಪಾಗಿತ್ತು.

"ಅಪ್ಪನ ಬಣ್ಣ ಎಲ್ಲಿ?"

ಪೇಂಟರ್ ಬಾಯಿ ತೆರೆದ. ಮ್ಯಾನೇಜರ್ ಪಕ್ಕದಲ್ಲೇ ಇದ್ದ. "ಕೆರೆದಿದ್ದೀಯ ತಾನೆ?"

"ಒಂದು ಚಕ್ಕೆ ಬಿಟ್ಟಿಲ್ಲ ಸಾರ್."

ಹುಡುಗಿ ತಿರುಗಿ ಮನೆಗೆ ನಡೆದಳು. ದೊಡ್ಡವಳಾದ ಮೇಲೂ ಅವನ ಹೊಸ್ತಿಲು ತುಳಿಯಲಿಲ್ಲ. ಬೀದಿಯಲ್ಲಿ ಎದುರಾದಾಗ ಒಮ್ಮೆ ಕೇಳಿದ್ದಳು, ಯಾವ ಬಣ್ಣ ಇತ್ತು ಅಂತಾದರೂ ಹೇಳು ಎಂದು. "ಮಾತಲ್ಲಿ ಹೇಳೋದಲ್ಲ ಅದು. ತೋರಿಸ್ತೀನಿ ಒಂದಿನ," ಎಂದು ಜಾರಿಕೊಂಡಿದ್ದ. ಕೆರೆದು ಬಿಸಾಕಿದ್ದನ್ನು ಇವನೇನು ತೋರಿಸುತ್ತಾನೆ ಎಂದುಕೊಂಡಿದ್ದಳು.

*

ಮೆಟ್ಟಿಲ ತಿರುವಿನಲ್ಲಿ ಬಾಗಿಲ ಮೂಲೆ ಗೋಡೆಗೆ ಬಡಿದು, ಅಂಗೈಯಗಲದ ಬಣ್ಣದ ಚಕ್ಕೆಯೊಂದು ಎದ್ದು ಬಿತ್ತು. ಪೇಂಟರನನ್ನು ಬೀದಿಯಲ್ಲಿಟ್ಟಿದ್ದ ಪೆಟ್ಟಿಗೆಗೆ ಮಲಗಿಸಿ ಬಾಗಿಲನ್ನು ಹೊರಗೋಡೆಗೆ ಒರಗಿಸಿದರು. ಗಾಡಿ ಇನ್ನೂ ಬಂದಿರಲಿಲ್ಲ.

"ಹಲಗೆಗೆ ಏನೂ ಆಗಿಲ್ಲ ಬಿಡಿ. ದೋಣಿ ಮರ ಅಲ್ವಾ," ಎಂದ ಬಡಗಿ.

"ಯಾವ ದೋಣಿ?" ಎಂದಳು ಅಂಬಿಗನ ಮಗಳು.

"ನಿಮ್ಮಪ್ಪಂದೇ. ಸಿನಿಮಾದೋರು ಬಿಟ್ಟು ಹೋದ್ಮೇಲೆ ತಳ ಒಡೆದಿತ್ತು. ಇವನೇ ಹಲಗೆ ಹೊತ್ಕೊಂಡು ಬಂದು ಬಾಗಿಲು ಮಾಡ್ಕೊಡು ಅಂದ. ನಿಂಗೆ ಗೊತ್ತಿಲ್ವಾ?"

ಪೆಟ್ಟಿಗೆಯ ಪಕ್ಕ ಕುಳಿತಿದ್ದ ಪೇಂಟರನ ಹೆಂಡತಿ ತಲೆಯೆತ್ತಿದಳು.

"ಕೆರೆದಿರಲಿಲ್ಲ ಕಣೇ. ಸಿನಿಮಾದೋರು ಒಂದೇ ಮಧ್ಯಾಹ್ನ ಕೊಟ್ಟಿದ್ರು. ಇವರು ಹಾಗೇ ಬಳಿದುಬಿಟ್ರು. ಕೆರೆಯದೆ ಬಳಿಯೋನು ಪೇಂಟರೇ ಅಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗೋರು, ಹೇಗೆ ಒಪ್ಕೋತಾರೆ? ಪ್ರತಿ ವರ್ಷ ಮಳೆಗೆ ಮುಂಚೆ, ಈ ಸಲ ಅವಳನ್ನ ಕರೆದು ತೋರಿಸ್ತೀನಿ ಅನ್ನೋರು. ಅಂದದ್ದೇ ಬಂತು."

ಒಳಗೆ ಹೋಗಿ, ಗಂಡ ಬಣ್ಣ ಕೆರೆಯುತ್ತಿದ್ದ ಹಿಡಿ ಸವೆದ ಕಬ್ಬಿಣದ ಪಟ್ಟಿಯನ್ನು ತಂದು ಅಂಬಿಗನ ಮಗಳ ಕೈಗಿಟ್ಟಳು.

ಚಕ್ಕೆ ಎದ್ದ ಕಡೆಯಿಂದ ಅವಳು ಕೆರೆದಳು. ಸುಣ್ಣದಂಥ ಬಿಳಿ. ಆಸ್ಪತ್ರೆಯ ಹಸಿರು. ಶಾಲೆಯ ಕಿಟಕಿಯ ಕಂದು. ಅದರ ತಳದಲ್ಲಿ ಕೆಂಪು.

"ಇದೇ, ಸಿನಿಮಾದ್ದು," ಎಂದ ಪರಸ್ಥಳದವನು. ಮರುಕ್ಷಣ ಬೀದಿಯ ಕಡೆ ತಿರುಗಿ ನಿಂತ. "ಇದರ ಅಡಿಯದ್ದನ್ನ ನಂಗೆ ಹೇಳ್ಬೇಡಿ ಅಕ್ಕ."

"ಕೇಳೋಕೆ ಅಂತ ಅಷ್ಟು ದೂರದಿಂದ ಬಂದ್ರಲ್ಲ," ಎಂದ ಬಡಗಿ.

"ಬಂದೆ. ಇನ್ನೂ ನೋಡೋದಿದೆ ಆ ಸಿನಿಮಾನ."

ಕೆರೆಯದೆ ಬಳಿದದ್ದಲ್ಲವೆ, ಕೆಂಪು ಸಿಪ್ಪೆಯಂತೆ ಸುಲಿದು ಬಂತು. ಅಡಿಯಲ್ಲಿ ಹಳದಿ.

ಅವಳ ಕೈ ನಿಂತಿತು. ಬೀದಿಯ ತುದಿಯಲ್ಲಿ ಗಾಡಿಯ ಸದ್ದಾಯಿತು.

"ಹೊತ್ತಾಯ್ತಮ್ಮ," ಎಂದ ಬಡಗಿ ಮೆಲ್ಲಗೆ.

"ಒಂದು ಗಳಿಗೆ."

ಪಟ್ಟಿಯನ್ನು ಹಲಗೆಯ ಸಂದು ದಾಟಿಸಿ ಪಕ್ಕದ ಹಲಗೆಗೆ ಇಟ್ಟಳು. ಅಂಬಿಗ ಅವರಿವರ ಮನೆಯಲ್ಲಿ ಮಿಕ್ಕ ಬಣ್ಣ ತಂದು ಹಲಗೆಗೊಂದರಂತೆ ಬಳಿದಿದ್ದನೇನೋ. ಇಲ್ಲಿ ಕೆಂಪು ಸುಲಿಯುತ್ತಲೇ ಹೆಬ್ಬೆರಳಗಲದ ನೀಲಿ ಬಿಸಿಲಿಗೆ ಬಂತು.

ಅವಳು ಪಟ್ಟಿಯನ್ನು ಸೆರಗಿಗೆ ಒರೆಸಿ, ಪೆಟ್ಟಿಗೆಯೊಳಗೆ ಪೇಂಟರನ ಬಲಗೈ ಪಕ್ಕ ಇಟ್ಟಳು. ಅವನ ಉಗುರುಸಂದಿಯಲ್ಲಿ ಹಸಿರಿತ್ತು. ಅವಳದರಲ್ಲಿ ನೀಲಿ.