ಸೋಮವಾರ ಹೂಡದ ಕಾರು

ನಾವು ಐರ್ಲೆಂಡಿಗೆ ಹೊರಡಲು ಹದಿನಾರು ದಿನ ಉಳಿದಿದ್ದವು. ವೀಸಾ, ನನ್ನ ನರ್ಸಿಂಗ್ ಪ್ರಮಾಣಪತ್ರ, ಮನೆ ಬಿಡುವ ಕಾಗದ ಎಲ್ಲವನ್ನೂ ಎರಡೆರಡು ಸಲ ನೋಡಿಟ್ಟುಕೊಂಡಿದ್ದೆ. ತೀರ್ಮಾನವಾಗದೆ ಉಳಿದದ್ದು ಅಪ್ಪನ ಕಾರು ಮಾತ್ರ.

ಅದು ೧೯೬೬ರ ಟ್ರಯಂಫ್ ಸ್ಪಿಟ್‌ಫೈರ್. ಇಂಗ್ಲೆಂಡಿನದು, ಕೆಂಪು ಬಣ್ಣದ್ದು, ಎರಡೇ ಸೀಟು, ತಲೆಯ ಮೇಲೆ ಬರೀ ಆಕಾಶ. ಸಿಂದಗಿಯಲ್ಲಿ ವಿಜ್ಞಾನ ಕಲಿಸುತ್ತಿದ್ದ ನಮ್ಮಪ್ಪ ಮಡಿವಾಳಪ್ಪ ಮಾಸ್ತರರು ಅದನ್ನು ಗುಜರಿಯಿಂದ ತಂದು, ಬಸವನ ಬಾಗೇವಾಡಿಯ ಮೆಕ್ಯಾನಿಕ್ ದಸ್ತಗೀರಸಾಬರ ಜೊತೆ ಹನ್ನೊಂದು ವರ್ಷ ಕೂತು ಓಡುವಂತೆ ಮಾಡಿದ್ದರು. ಅಪ್ಪ ತೀರಿಕೊಂಡು ಮೂರು ವರ್ಷವಾಗಿದೆ. ಕಾರು ದಸ್ತಗೀರ ಕಾಕಾರ ಶೆಡ್ಡಿನಲ್ಲೇ ಇತ್ತು.

ಹಡಗಿನಲ್ಲಿ ತರಿಸಿಕೊಳ್ಳಬಹುದಿತ್ತು. ಆದರೆ ಅಲ್ಲಿ ನಮಗೆ ಸಿಕ್ಕದ್ದು ಮೂರನೆಯ ಮಹಡಿಯ ಬಾಡಿಗೆ ಮನೆ. ವರ್ಷವಿಡೀ ಬೀದಿಯ ಮಳೆಯಲ್ಲಿ ನಿಂತು ಅದು ತುಕ್ಕು ಹಿಡಿಯುತ್ತದೆ. ನೀವೇ ಇಟ್ಟುಕೊಳ್ಳಿ ಎಂದು ಕಾಕಾರನ್ನು ಕೇಳಿದೆ. ತಮಗೆ ಎಪ್ಪತ್ತು ದಾಟಿತು, ತಮ್ಮ ನಂತರ ಯಾರು ಎಂದು ಅವರು ಒಪ್ಪಲಿಲ್ಲ. ಹಾಗಾಗಿ ಮಾರುವುದೆಂದಾಯಿತು. ಕೊಂಡವರು ಅದನ್ನು ಮದುವೆ ಮೆರವಣಿಗೆಗೆ ಬಾಡಿಗೆ ಬಿಟ್ಟಾರು, ಭಾಗ ಭಾಗ ಬಿಚ್ಚಿ ಮಾರಿಯಾರು ಎಂಬ ಹೆದರಿಕೆಯಲ್ಲಿ ಇಬ್ಬರನ್ನು ಫೋನಿನಲ್ಲೇ ತಿರುಗಿಸಿ ಕಳಿಸಿದ್ದೆ.

ಮೂರನೆಯವರು ಸೊಲ್ಲಾಪುರದ ಕಣ್ಣಿನ ಡಾಕ್ಟರ್ ಅಮಿತ. ಮಾತು ಮೆತ್ತಗಿತ್ತು. ಸೋಮವಾರ ಬನ್ನಿ ಎಂದೆ. ಅವರು ಕಾರು ಹೇರಿಕೊಂಡು ಹೋಗಲು ಒಂದು ಖಾಲಿ ಲಾರಿಯನ್ನೂ ಕರೆದುಕೊಂಡು ಬಂದರು.

ಶೆಡ್ಡಿನ ಬಾಗಿಲಲ್ಲಿ ಕಾಕಾ ಬಕೆಟ್ಟು, ಒದ್ದೆ ಬಟ್ಟೆ ಹಿಡಿದು ನಿಂತಿದ್ದರು. ಕಾರು ತೊಳೆದು ಮುಗಿದಿತ್ತು. ಡಾಕ್ಟರು ಎಂಜಿನ್ ಸದ್ದು ಕೇಳಿಸಿ ಎಂದರು.

"ಇವತ್ತ ಚಾಲೂ ಮಾಡೂದಿಲ್ಲರಿ. ಸೋಮವಾರ."

"ಇದೇನ ಎತ್ತ ಏನ್ರಿ ಕಾಕಾ?" ಡಾಕ್ಟರು ನಕ್ಕರು.

"ಕಣ್ಣಿನ ಡಾಕ್ಟರ ನೀವು. ನೀವ ನೋಡಿ ಹೇಳ್ರಿ."

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅಂದು ಬಸವಣ್ಣನಿಗೆ ವಿಶ್ರಾಂತಿ. ಗೊಳಸಂಗಿಯ ಒಕ್ಕಲು ಮನೆಯಲ್ಲಿ ಹುಟ್ಟಿದ ಅಪ್ಪನಿಗೆ ಅದು ಗೊತ್ತಿತ್ತು. ಸಂಬಳದ ಮನೆಯಲ್ಲಿ ಬೆಳೆದ ನನಗೆ ಸೋಮವಾರವೆಂದರೆ ಡ್ಯೂಟಿಯ ಪಟ್ಟಿಯಲ್ಲಿ ಒಂದು ದಿನ.

ಹೊರಗೆ ಬಂದು ಗಂಡ ಸುನೀಲಕುಮಾರನಿಗೆ ಫೋನ್ ಮಾಡಿದೆ. ಅಷ್ಟು ದೂರದಿಂದ ಬಂದವರು ಹೊರಟುಹೋದರೆ ಹದಿನಾರು ದಿನದಲ್ಲಿ ಇನ್ನೊಬ್ಬರು ಸಿಗುವುದಿಲ್ಲ, ಕೀಲಿ ನಿನ್ನ ಚೀಲದಲ್ಲೇ ಇದೆಯಲ್ಲ, ಸುಮ್ಮನೆ ಚಾಲೂ ಮಾಡಿಸು ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕೀಲಿ ಕೈಯಲ್ಲಿ ಹಿಡಿದೇ ಒಳಗೆ ಹೋದೆ.

ಆಗ ನನ್ನ ಕಣ್ಣು ಗಾಲಿಗಳ ಮೇಲೆ ಬಿತ್ತು. ನಾಲ್ಕೂ ನೆಲದಿಂದ ನಾಲ್ಕು ಬೆರಳು ಮೇಲಿದ್ದವು. ಬಗ್ಗಿ ನೋಡಿದೆ. ಕಾರಿನ ಭಾರವೆಲ್ಲ ನಾಲ್ಕು ಜಾಲಿ ಕಟ್ಟಿಗೆಯ ತುಂಡುಗಳ ಮೇಲಿತ್ತು. ಒಂದೊಂದು ತುಂಡಿನ ನೆತ್ತಿಯೂ ನಡುವೆ ತಗ್ಗಾಗಿ, ಹಳೆಯ ಮನೆಯ ಹೊಸ್ತಿಲಿನಂತೆ ಸವೆದು ಹೊಳೆಯುತ್ತಿತ್ತು.

"ವಾರಕ್ಕೊಂದ ದಿನ ಹೆಗಲ ಹಗೂರ ಆಗಬೇಕ ಅಂತಿದ್ರು ಮಾಸ್ತರ," ಕಾಕಾ ಹೇಳಿದರು. "ಸೋಮವಾರ ಮುಂಜಾನೆ ಎತ್ತಿ ಇಡೂದು, ಮಂಗಳವಾರ ಇಳಸೂದು."

ಅಪ್ಪ ಹೋದ ಮೇಲೂ ಬಿಟ್ಟಿಲ್ಲವೇ ಎಂದು ಕೇಳಿದೆ. ಇದೆಂಥ ಪ್ರಶ್ನೆ ಎಂಬಂತೆ ಅವರು ನನ್ನನ್ನು ನೋಡಿದರು. ಮೂರು ವರ್ಷ, ಪ್ರತಿ ಸೋಮವಾರ, ಆ ವಯಸ್ಸಿನಲ್ಲಿ ಜ್ಯಾಕ್ ತಿರುಗಿಸಿ, ಯಾರಿಗೂ ಹೇಳದೆ. ನಾನು ತಿಂಗಳು ತಿಂಗಳು ಶೆಡ್ಡಿನ ಬಾಡಿಗೆ ಕಳಿಸಿ ಕರ್ತವ್ಯ ಮುಗಿಯಿತೆಂದುಕೊಂಡಿದ್ದೆ. ದೊಡ್ಡದೊಂದು ಗುಡಿಯೊಳಗೆ ಚಪ್ಪಲಿ ಹಾಕಿಕೊಂಡು ನಿಂತವಳಂತೆ ಮೈ ಕುಗ್ಗಿತು.

ಕೀಲಿಯನ್ನು ಚೀಲಕ್ಕೆ ಹಾಕಿದೆ. "ಡಾಕ್ಟರ, ಇವತ್ತ ಆಗೂದಿಲ್ಲರಿ. ನಾಳೆ ಬರ್ತೀರೇನು?"

ಅವರು ತಂಪು ಕನ್ನಡಕ ತೆಗೆದು, ಇಸ್ತ್ರಿಯ ಪ್ಯಾಂಟಿನಲ್ಲೇ ಮಣ್ಣಿಗೆ ಮೊಣಕಾಲೂರಿ, ಕಟ್ಟಿಗೆಯ ತಗ್ಗಿನ ಅಂಚನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ಎದ್ದು, ಮರುದಿನದ ದವಾಖಾನೆ ಮುಂದೂಡಲು ಫೋನ್ ಮಾಡಿದರು.

ಮಂಗಳವಾರ ಬಿಸಿಲೇರುವ ಮೊದಲೇ ಬಂದರು. ಕಾಕಾ ಕಾರು ಇಳಿಸಿ ಚಾಲೂ ಮಾಡಿದಾಗ ಶೆಡ್ಡಿನ ತಗಡು ಗುಂಯ್ ಎಂದಿತು. ಡಾಕ್ಟರು ಎಂಜಿನ್ನಿನ ಬಗ್ಗೆ ಒಂದೂ ಮಾತು ಕೇಳಲಿಲ್ಲ.

"ಆ ಕಟ್ಟಿಗಿ ತುಂಡು ನನಗ ಕೊಡ್ತೀರೇನ್ರಿ?"

ಕಾಕಾ ನನ್ನ ಮುಖ ನೋಡಿದರು. ನಾನು ಮಾರಾಟದ ಕಾಗದ ತೆಗೆದು ಬಾನೆಟ್ಟಿನ ಮೇಲಿಟ್ಟು ಸಹಿ ಹಾಕಿದೆ. ಕಾಕಾ ನಾಲ್ಕೂ ತುಂಡುಗಳನ್ನು ತಾವೇ ಹೊತ್ತು ಲಾರಿಯ ಕ್ಯಾಬಿನ್ನಿನಲ್ಲಿಟ್ಟರು. ಕಾರನ್ನು ಮಾತ್ರ ಲಾರಿಗೆ ಹೇರಗೊಡಲಿಲ್ಲ. ಓಡಿಕೊಂಡೇ ಹೋಗಲಿ, ದಾರಿಯಲ್ಲಿ ಸಿಗುವ ಇಂಡಿ ಪಟ್ಟಣದ ತನಕ ತಾವೂ ಬರುತ್ತೇವೆ ಎಂದರು.

ಸೀಟು ಎರಡೇ ಇದ್ದುದರಿಂದ ನಾನು ಲಾರಿಯಲ್ಲಿ ಹಿಂದೆ ಹೋದೆ. ಸಿಂದಗಿಯವರೆಗೆ ಕಾಕಾ ಓಡಿಸಿದರು. ತೊಗರಿ ಹೊಲಗಳ ನಡುವೆ ಆ ಕೆಂಪು, ಅದರಲ್ಲಿ ಅವರ ಬಿಳಿ ಟೊಪ್ಪಿಗೆ. ಕಳೆ ತೆಗೆಯುತ್ತಿದ್ದ ಹೆಂಗಸರು ಕೈಯನ್ನು ಹಣೆಗೆ ಹಿಡಿದು ನೋಡುತ್ತಾ ನಿಂತರು. ಹುಟ್ಟಿದಾಗಿನಿಂದ ಕಂಡ ರಸ್ತೆ ನನಗೆ ಹೊಸದಾಗಿ ತೋರಿತು. ಸಿಂದಗಿ ದಾಟಿದ ಮೇಲೆ ಡಾಕ್ಟರು ಸ್ಟೇರಿಂಗ್ ಹಿಡಿದರು. ಗೇರು ಎರಡು ಸಲ ಕಿರುಗುಟ್ಟಿತು. ಹಾಗಾದಾಗಲೆಲ್ಲ ಕಾಕಾರ ತಲೆ ಡಾಕ್ಟರ ಕಡೆ ತಿರುಗುವುದು ಕಾಣುತ್ತಿತ್ತು.

ಇಂಡಿಯಲ್ಲಿ ನಾವಿಬ್ಬರೂ ಇಳಿದೆವು. ಲಾರಿಯವನು ಚಹಾಕ್ಕೆ ನಿಂತ. ಡಾಕ್ಟರು ಕಾಕಾರ ಪಾದ ಮುಟ್ಟಿ ಸೊಲ್ಲಾಪುರದ ದಾರಿ ಹಿಡಿದರು. ಕಾಕಾ ಕಣ್ಣು ಮುಚ್ಚಿಕೊಂಡು ರಸ್ತೆಯ ಬದಿಗೆ ನಿಂತರು. ಸದ್ದು ಏರಿತು, ಒಂದು ಕ್ಷಣ ಇಳಿಯಿತು, ಮತ್ತೆ ತುಂಬಿಕೊಂಡು ದೂರವಾಯಿತು.

"ಮೂರನೇ ಗೇರ ಛಲೋ ಬಿತ್ತವ್ವಾ," ಎಂದರು ಕಾಕಾ.